ಪಂಚಮಿಗೆ ಕಾಣದ ಹೂವು

ಅಥವಾ ಆ ಹೂವು ನೇರಳೆ ಬಣ್ಣದ್ದೇ ಅಲ್ಲವೇನೋ. ಗುಲಾಬಿಗೆ ಹತ್ತಿರದ ಬಣ್ಣವಿರಬಹುದು. ಎಸಳು ಐದು ಎಂದು ಪತ್ರಿಕೆಯಲ್ಲಿ ಬರೆದಿದ್ದೆ. ಆರು ವರ್ಷದ ಹುಡುಗ ಹೂವಿನ ಎಸಳು ಎಣಿಸಿದ್ದನೇ? ಎಣಿಸಿದ್ದರೂ ಐವತ್ತು ವರ್ಷ ಆ ಎಣಿಕೆಯನ್ನು ತಪ್ಪದೆ ಕಾಪಾಡಿಕೊಂಡಿದ್ದನೇ? ನಿನ್ನೆ ಕನ್ನಡಕ ಎಲ್ಲಿಟ್ಟೆ ಎಂದು ಹೆಂಡತಿಯನ್ನು ಕೇಳುವ ಮನುಷ್ಯ ನಾನು. ಅಂಥವನ ಹತ್ತಿರ ಐದು ಎಸಳು ಉದುರದೆ ಉಳಿದಿವೆ ಎಂದರೆ ನೀವಾದರೂ ಸ್ವಲ್ಪ ಅನುಮಾನಪಡಬೇಕಿತ್ತು.

ಬೆಟಗೇರಿಯ ಬಾಡಿಗೆ ಮನೆಯ ಹಿತ್ತಲಲ್ಲಿ, ಬಟ್ಟೆ ಒಗೆಯುವ ಕಲ್ಲಿನ ಪಕ್ಕ, ನಮ್ಮ ಅವ್ವ ಒಂದು ಹೂವಿನ ಗಿಡ ಬೆಳೆಸಿದ್ದಳು. ಹೋದ ವರ್ಷದ ಬೇಸಿಗೆಯವರೆಗೆ ಇದರ ಬಗ್ಗೆ ನನಗೆ ಖಾತ್ರಿ ಇತ್ತು. ಖಾತ್ರಿ ಇದ್ದದ್ದಕ್ಕೆ ಬರೆದೆ. ಬರೆದದ್ದಕ್ಕೇ ಖಾತ್ರಿಯಾಯಿತೇನೋ ಎಂದು ಈಗ ಅನಿಸುತ್ತಿದೆ.

ಆದದ್ದಿಷ್ಟು. ಪತ್ರಿಕೆಯೊಂದರ ಭಾನುವಾರದ ಪುರವಣಿಯವರು ತಾಯಿಯ ಬಗ್ಗೆ ಒಂದು ಪುಟ್ಟ ಲೇಖನ ಕೇಳಿದರು. ನಾನು ಗದಗಿನ ಕಾಲೇಜೊಂದರಲ್ಲಿ ಭೂಗೋಳ ಕಲಿಸುವವನು, ಆಗೊಮ್ಮೆ ಈಗೊಮ್ಮೆ ಬರೆಯುವ ಚಟ ಉಳ್ಳವನು. ತಾಯಿಯ ಬಗ್ಗೆ ಬರೆಯುವಾಗ ಒಂದು ಹೂವು, ಒಂದು ಸಂಜೆ, ಒಂದು ಹಾಡಿನ ಗುನುಗು ಇರಲೇಬೇಕು ಎಂಬುದು ಭೂಗೋಳದವರಿಗೂ ಗೊತ್ತಿರುತ್ತದೆ. ಜೋಳಕ್ಕೆ ಇಷ್ಟು ಮಳೆ ಬೇಕು ಎನ್ನುವ ಹಾಗೆ ಪುರವಣಿಗೂ ಒಂದು ಕನಿಷ್ಠ ತೇವ ಬೇಕು. ನಮ್ಮ ಅವ್ವ ನೇಕಾರರ ಮನೆಯವಳು. ದಿನವಿಡೀ ಕಂಡಿಕೆ ಸುತ್ತುವುದು, ಅಂದರೆ ಮಗ್ಗದ ಲಾಳಿಗೆ ನೂಲು ತುಂಬಿಕೊಡುವುದು, ಅವಳ ಕೆಲಸ. ಸಂಜೆ ಕೆಲಸ ಮುಗಿಸಿ ಅವಳು ಆ ನೇರಳೆ ಹೂವಿನ ಮುಂದೆ ಕುಳಿತು ಏನನ್ನೋ ಹಾಡಿಕೊಳ್ಳುತ್ತಿದ್ದಳು ಎಂದು ಬರೆದೆ.

ನನ್ನ ಮೂಲ ಪ್ರತಿಯಲ್ಲಿ ಮೂರು ಕಡೆ ‘ಬಹುಶಃ’ ಎಂಬ ಮಾತಿತ್ತು. ಜಾಗ ಸಾಲದೆಂದು ಪುರವಣಿಯವರು ಮೂರನ್ನೂ ತೆಗೆದರು. ಹೂವು ಉಳಿಯಿತು. ಜತೆಗೆ ಒಂದು ಚಿತ್ರ ಹಾಕಿದರು. ಅದರಲ್ಲಿ ತಲೆತುಂಬ ಮಲ್ಲಿಗೆ ಮುಡಿದ, ಜನ್ಮದಲ್ಲಿ ಒಂದೂ ಕಂಡಿಕೆ ಸುತ್ತದ ಬೆರಳುಗಳ ಹೆಣ್ಣುಮಗಳೊಬ್ಬಳು ಗುಲಾಬಿ ಕುಂಡದ ಎದುರು ಕುಳಿತಿದ್ದಳು. ಅವಳ ಹಿಂದೆ ಎರಡು ತೆಂಗಿನ ಮರ. ನಮ್ಮ ಓಣಿಗೆ ತೆಂಗಿನಕಾಯಿ ಬರುತ್ತಿದ್ದದ್ದು ಕಿರಾಣಿ ಅಂಗಡಿಯಿಂದ.

ಮೆಚ್ಚುಗೆ ಬಹಳ ಬಂತು. ‘ನಮ್ಮ ತಾಯಿಯೂ ಅದೇ ಹೂವು ಬೆಳೆಸಿದ್ದರು ಸರ್’ ಎಂದು ನಾಲ್ಕೈದು ಜನ ಫೋನು ಮಾಡಿದರು. ನಾನು ಹೂವಿನ ಹೆಸರೇ ಬರೆದಿರಲಿಲ್ಲ. ಅದೇ ಹೂವು ಎಂದು ಅವರಿಗೆ ಹೇಗೆ ಗೊತ್ತಾಯಿತು ಎಂದು ನಾನು ಕೇಳಲಿಲ್ಲ. ಮೆಚ್ಚುವವರನ್ನು ಪ್ರಶ್ನೆ ಕೇಳುವ ರೂಢಿ ನಮ್ಮಲ್ಲಿಲ್ಲ.

ಮೆಚ್ಚದವಳು ಒಬ್ಬಳೇ. ಲಕ್ಷ್ಮೇಶ್ವರದಲ್ಲಿರುವ ನನ್ನ ಅಕ್ಕ, ನೀಲವ್ವ. ನನಗಿಂತ ಹತ್ತು ವರ್ಷ ದೊಡ್ಡವಳು. ಆ ಭಾನುವಾರ ಮಧ್ಯಾಹ್ನ ಅವಳೂ ಫೋನು ಮಾಡಿದಳು.

“ತಮ್ಮಾ, ಪೇಪರ್ನಾಗ ಬಂದೀಯಂತಲ್ಲ. ನಮ್ಮ ಸೊಸಿ ಓದಿ ಹೇಳಿದ್ಲು.”

“ಹೆಂಗಿತ್ತಕ್ಕಾ?”

“ಚಲೋ ಐತಿ. ಯಾರ ಅವ್ವನ ಮ್ಯಾಲ ಬರದೀಪಾ?”

ಚೇಷ್ಟೆ ಎಂದುಕೊಂಡು ನಾನು ನಕ್ಕೆ. ಅವಳು ನಗಲಿಲ್ಲ.

“ಹಿತ್ತಲದಾಗ ಹೂವು ಎಲ್ಲಿತ್ತಲೇ? ಅರಿಬಿ ಒಗಿಯೋ ಕಲ್ಲಿನ ಬಾಜೂಕ ಬಚ್ಚಲ ರಾಡಿ ಇತ್ತು. ನಾ ಲಗ್ನಾಗಿ ಹೋದ ಮ್ಯಾಲೂ ವರ್ಷಾ ಪಂಚಮಿಗೆ ಬಂದೇನಿ. ಒಂದ್ ಸಲಾನೂ ಹೂವು ನೋಡಿಲ್ಲ. ರಾಡಿ ನೋಡೇನಿ.”

“ನೀ ಮರ್ತಿರಬೇಕಕ್ಕಾ” ಎಂದೆ.

ಅದು ತಪ್ಪಾಯಿತು. ಅಕ್ಕ ಮರೆಯುವುದಿಲ್ಲ. ಯಾವ ಮದುವೆಯಲ್ಲಿ ಯಾರು ಯಾರಿಗೆ ಕುಂಕುಮ ಹಚ್ಚಲಿಲ್ಲ ಎಂಬುದು ಅವಳಿಗೆ ಇಂದಿಗೂ ನೆನಪಿದೆ. ಅವಳು ಫೋನು ಇಟ್ಟಳು.

ನಮ್ಮ ಕಡೆ ನಾಗರ ಪಂಚಮಿ ಹೆಣ್ಣುಮಕ್ಕಳ ಹಬ್ಬ. ಕೊಟ್ಟ ಮನೆಯಿಂದ ಅವರು ತಾವಾಗಿ ಬರುವಂತಿಲ್ಲ. ತವರಿನಿಂದ ಅಣ್ಣನೋ ತಮ್ಮನೋ ಹೋಗಿ ಕರೆದುಕೊಂಡು ಬರಬೇಕು. ತಂದೆತಾಯಿ ತೀರಿಕೊಂಡ ಮೇಲೂ ಕರೆಯುವವನೊಬ್ಬ ಬಂದು ಬಾಗಿಲಲ್ಲಿ ನಿಂತರೆ ತವರು ಇನ್ನೂ ಇದೆ ಎಂದು ಅರ್ಥ. ಹಾಗಾಗಿ ಹೋದ ವರ್ಷದ ಶ್ರಾವಣದಲ್ಲಿ ಎಂದಿನಂತೆ ಹೋಗಿ ನಿಂತೆ. ಅಕ್ಕ ರೊಟ್ಟಿ ಬಡಿಯುತ್ತಿದ್ದಳು. ಬಡಿಯುವುದನ್ನು ನಿಲ್ಲಿಸಲಿಲ್ಲ.

“ಪೇಪರಿನ ಅವ್ವಗ ಒಬ್ಬಾಕಿ ಮಗಳು ಇರಬೇಕಲ್ಲ. ಅಕೀನ್ನ ಕರಕೊಂಡು ಹೋಗು.”

“ಅಕ್ಕಾ, ಒಂದು ಹೂವಿನ ಸಲುವಾಗಿ...”

“ಹೂವಿನ ಸಲುವಾಗೇ. ಆ ಹೂವು ಯಾವುದು ತೋರಸು. ಹೆಸರರ ಹೇಳು. ಬರ್ತೀನಿ.”

ಊಟ ಹಾಕಿದಳು, ಮಜ್ಜಿಗೆ ಕೊಟ್ಟಳು, ಬರಲಿಲ್ಲ. ಮದುವೆಯಾದಾಗಿನಿಂದ ಅವಳು ಪಂಚಮಿ ತಪ್ಪಿಸಿದ್ದು ಅದೇ ಮೊದಲು. ಮನೆಗೆ ಬಂದರೆ ನನ್ನ ಹೆಂಡತಿ ಸರೋಜಾ ಎಳ್ಳುಂಡಿ, ಶೇಂಗಾದ ಉಂಡಿ, ಪುಟಾಣಿ ಉಂಡಿಗಳನ್ನು ಡಬ್ಬಿಗಳಲ್ಲಿ ತುಂಬಿಟ್ಟುಕೊಂಡು ನನ್ನ ಹಿಂದೆ ಯಾರಾದರೂ ಬರುತ್ತಾರೇನೋ ಎಂದು ರಸ್ತೆ ನೋಡುತ್ತಿದ್ದಳು. ಆ ಉಂಡಿಗಳನ್ನು ನಾವಿಬ್ಬರೂ ದೀಪಾವಳಿಯ ತನಕ ತಿಂದೆವು.

ಮುಂದಿನ ಪಂಚಮಿಗೆ ಅಕ್ಕ ಬರಬೇಕು, ಬರಬೇಕಾದರೆ ಹೂವು ಬೇಕು. ನಾನು ಹುಡುಕಲು ಕುಳಿತೆ. ಇಲ್ಲಿ ನನ್ನ ವೈಜ್ಞಾನಿಕ ಮನೋಭಾವವನ್ನು ನೀವು ಗಮನಿಸಬೇಕು. ಅವ್ವನ ಹಿತ್ತಲಲ್ಲಿ ಯಾವ ಹೂವಿತ್ತು ಎಂದು ನಾನು ಹುಡುಕಲಿಲ್ಲ. ಅಕ್ಕ ವರ್ಷಕ್ಕೆ ಎಂಟು ದಿನ, ಶ್ರಾವಣದಲ್ಲಿ ಬರುತ್ತಿದ್ದಳು. ಆ ಎಂಟು ದಿನ ಕಣ್ಣಿಗೆ ಬೀಳದೆ ಉಳಿದ ದಿನಗಳಲ್ಲಿ ಇರಬಲ್ಲ ಹೂವು ಜಗತ್ತಿನಲ್ಲಿ ಯಾವುದಿದೆ ಎಂದು ಹುಡುಕಿದೆ. ದಾಸವಾಳ, ಕನಕಾಂಬರ, ಮಲ್ಲಿಗೆ, ಗೊರಟೆ ಎಲ್ಲ ಬಿದ್ದುಹೋದವು. ಅವು ಅಕ್ಕನಿಂದ ಅಡಗಿಕೊಳ್ಳುವ ಜಾತಿಯವಲ್ಲ.

ಕೊನೆಗೆ ಮೊಬೈಲಿನಲ್ಲಿ ಸಿಕ್ಕಿತು, ಕಾಡು ಜೆರೇನಿಯಂ. ನರ್ಸರಿಗಳಲ್ಲಿ ಕೆಂಪು ಹೂವಿನ ಕುಂಡ ತೋರಿಸಿ ಜೆರೇನಿಯಂ ಎನ್ನುತ್ತಾರಲ್ಲ, ಅದಲ್ಲ. ಇದು ತಂಪು ದೇಶಗಳ ಕಾಡಿನಂಚಿನಲ್ಲಿ ತಾನಾಗಿ ಬೆಳೆಯುವ ಬಹುವಾರ್ಷಿಕ ಗಿಡ. ಅಂಗೈಯಷ್ಟು ಎಲೆ, ಬೆರಳುಗಳಂತೆ ಸೀಳಿದ್ದು. ತಿಳಿ ನೇರಳೆ ಹೂವು. ಎಸಳು ಐದು! ಬೀಜದ ಕಾಯಿ ಕೊಕ್ಕರೆಯ ಕೊಕ್ಕಿನಂತೆ ಉದ್ದ. ಎಲ್ಲಕ್ಕಿಂತ ಮುಖ್ಯವಾಗಿ, ವಸಂತದಲ್ಲಿ ಹೂಬಿಟ್ಟು ಆಮೇಲೆ ಮೆಲ್ಲಗೆ ಒಣಗಿ, ನೆಲದ ಮೇಲೆ ಗುರುತೇ ಇಲ್ಲದಂತೆ ಮಾಯವಾಗಿ, ಬೇರಿನಲ್ಲಿ ಮಾತ್ರ ಜೀವ ಹಿಡಿದುಕೊಂಡು ಮಲಗುತ್ತದೆ. ಯುಗಾದಿಗೆ ಹೂವು, ಪಂಚಮಿಗೆ ಇಲ್ಲ. ನನಗೆ ಬೇಕಾದದ್ದು ಸರಿಯಾಗಿ ಇಂಥದೇ ಸ್ವಭಾವದ ಗಿಡ.

ತಂಪು ದೇಶದ ಗಿಡ ಬೆಟಗೇರಿಯ ನೇಕಾರರ ಓಣಿಗೆ ಹೇಗೆ ಬಂತು? ಅದಕ್ಕೂ ಉತ್ತರ ಸಿದ್ಧಪಡಿಸಿದೆ. ಹಿಂದೊಂದು ಕಾಲಕ್ಕೆ ಊರಲ್ಲಿ ಹೊರದೇಶದ ಪಾದ್ರಿಗಳಿದ್ದರು. ಪಾದ್ರಿಗಳಿಗೆ ಹೆಂಡಿರಿದ್ದರು. ಹೆಂಡಿರಿಗೆ ಊರಿನ ನೆನಪಾಗಿ ಒಂದು ಬೇರು ತರಿಸಿರಬೇಕು. ಬೇರು ಕೈಯಿಂದ ಕೈಗೆ ಬಂದಿರಬೇಕು. ಈ ವಾಕ್ಯಗಳಲ್ಲಿ ಎಷ್ಟು ‘ಬೇಕು’ ಇವೆ ಎಂದು ಸರೋಜಾ ಎಣಿಸಿದಳು. ಆಮೇಲೆ ಕೇಳಿದಳು:

“ಅಲ್ರೀ, ಪಂಚಮ್ಯಾಗ ಕಾಣೂದಿಲ್ಲ ಅನ್ನೂದನ್ನ ತೋರಸಾಕ ಅಕ್ಕಾರನ್ನ ಪಂಚಮಿಗೆ ಕರೀತೀರಿ?”

ಸಂಶೋಧಕನ ಹೆಂಡತಿ ಮೊದಲ ದಿನವೇ ಸಂಶೋಧನೆಯ ಬುಡಕ್ಕೆ ಕೈಹಾಕಬಾರದು. ಯುಗಾದಿಗೆ ಹೂವಾದಾಗ ಫೋಟೋ ತೆಗೆದು, ಪಂಚಮಿಗೆ ಬರಿ ನೆಲ ತೋರಿಸುವುದು ನನ್ನ ಯೋಜನೆಯಾಗಿತ್ತು.

ಆನ್‌ಲೈನಿನಲ್ಲಿ ತರಿಸಿದೆ. ಬೆಟ್ಟದ ನಾಡಿನ ಯಾವುದೋ ನರ್ಸರಿಯಿಂದ, ಚಳಿಗಾಲದಲ್ಲಿ, ಪಾಚಿಯಲ್ಲಿ ಸುತ್ತಿ ಬಂತು. ಒಣಗಿದ ಶುಂಠಿಯ ತುಂಡಿನಂತಿತ್ತು. “ಚಹಾಕ್ಕ ಹಾಕ್ಲೇನ್ರೀ?” ಎಂದು ಸರೋಜಾ ಕೇಳಿದಳು. ಗಿಡ ಗಟ್ಟಿ, ಹಿಮ ಬಿದ್ದರೂ ಸಾಯುವುದಿಲ್ಲ ಎಂದು ಚೀಟಿಯಲ್ಲಿ ಬರೆದಿತ್ತು. ಹಿಮ ತಡೆಯುವ ಗಿಡಕ್ಕೆ ನಮ್ಮ ಬಿಸಿಲು ಯಾವ ಲೆಕ್ಕ ಎಂದೆ.

“ಥಂಡಿ ತಡಿಯೋರು ಬ್ಯಾರೆ, ಬಿಸಲು ತಡಿಯೋರು ಬ್ಯಾರೆ. ನೀವಂತೂ ಎರಡೂ ತಡಿಯೂದಿಲ್ಲ. ಗಿಡದ ಪರವಾಗಿ ಮಾತು ಕೊಡಬ್ಯಾಡ್ರಿ.”

ಮೂವತ್ತು ವರ್ಷ ಬೋರ್ಡಿನ ಮೇಲೆ ಸಮಶೀತೋಷ್ಣ ವಲಯದ ಗೆರೆ ಎಳೆದವನು ನಾನು. ಗದಗ ಆ ಗೆರೆಯ ಯಾವ ಕಡೆಗಿದೆ ಎಂದು ಪರೀಕ್ಷೆಯಲ್ಲಿ ಕೇಳಿ, ತಪ್ಪು ಬರೆದವರಿಗೆ ಸೊನ್ನೆ ಕೊಟ್ಟವನು.

ನಮ್ಮ ಎರೆಮಣ್ಣು ಮಳೆಯಲ್ಲಿ ಅಂಟು, ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರುಕು. ಕಾಡಿನ ಗಿಡಕ್ಕೆ ಕೊಳೆತ ಎಲೆಯ ಹಗುರ ಮಣ್ಣು ಬೇಕು. ಮುಂಡರಗಿ ಬಸ್ಸು ಹತ್ತಿ, ಕಪ್ಪತಗುಡ್ಡದ ಬುಡದಲ್ಲಿರುವ ಪರಿಚಯದವರ ಹೊಲಕ್ಕೆ ಹೋಗಿ, ಬದುವಿನ ಮರಗಳ ಕೆಳಗಿನ ಮಣ್ಣನ್ನು ಒಂದು ಚೀಲ ತುಂಬಿಕೊಂಡು ಬಂದೆ. ಓಣಿಯ ಮೂಲೆಯಲ್ಲಿ ಶಂಕ್ರಪ್ಪ ಸಿಕ್ಕ. ಪಕ್ಕದ ಮನೆಯವನು. ಶಿರಹಟ್ಟಿ ಮಾರ್ಗದ ಬಸ್ಸಿನಲ್ಲಿ ಕಂಡಕ್ಟರಾಗಿದ್ದು ನಿವೃತ್ತನಾದವನು. ಚೀಲ ಹೊತ್ತವರನ್ನು ಪ್ರಶ್ನೆ ಕೇಳದೆ ಬಿಡುವುದು ಅವನಿಗೆ ಈಗಲೂ ಆಗುವುದಿಲ್ಲ.

“ಚೀಲದಾಗ ಏನ್ರೀ ಸರ?”

“ಮಣ್ಣು.”

“ಎಲ್ಲೀದು?”

“ಕಪ್ಪತಗುಡ್ಡದ ಬುಡದ್ದು.”

ಶಂಕ್ರಪ್ಪ ನನ್ನನ್ನೂ ಚೀಲವನ್ನೂ ಒಮ್ಮೆ ನೋಡಿ ತಲೆಯಾಡಿಸಿದ. ಗುಟ್ಟೊಂದನ್ನು ಕೇಳಿಸಿಕೊಂಡವನ ಹಾಗೆ ದನಿ ಇಳಿಸಿ “ಆತು, ಆತು” ಎಂದ.

ಬೇರು ಹೂತ ಕೆಲವು ವಾರಗಳಲ್ಲಿ ಎಲೆ ಬಂದವು. ಮೂರು, ಆಮೇಲೆ ಐದು, ಆಮೇಲೆ ಏಳು. ನಮ್ಮ ಓಣಿಗೆ ನಳದ ನೀರು ದಿನಾ ಬರುವುದಲ್ಲ, ಬಂದ ದಿನ ಕೊಡ, ಬಕೀಟು, ಪಾತೇಲಿಗಳಿಗೆಲ್ಲ ತುಂಬಿಟ್ಟುಕೊಳ್ಳುತ್ತೇವೆ. ಅದರಲ್ಲಿ ನನ್ನ ಗಿಡಕ್ಕೆ ದಿನಾ ಎರಡು ತಂಬಿಗೆ. ಸರೋಜಾ ಮೆಂತ್ಯ ಸೊಪ್ಪು ತೊಳೆದ ನೀರನ್ನೂ ಅದಕ್ಕೇ ಸುರಿದು, ಗಿಡವನ್ನು ಬಯ್ಯುವಂತೆ ನನ್ನನ್ನು ಬಯ್ಯುತ್ತಿದ್ದಳು. ಎಲೆ ಚೆನ್ನಾಗಿದ್ದವು. ಒಂದು ದಿನ ಶಂಕ್ರಪ್ಪನ ಹೆಂಡತಿ ಗಂಗವ್ವ ಕಂಪೌಂಡಿನ ಮೇಲಿಂದ ಬಗ್ಗಿ ನೋಡಿದಳು.

“ಇದು ಯಾವ ಜಡ್ಡಿಗ್ರೀ ಸರ?”

“ಜಡ್ಡಿಗಲ್ಲವ್ವಾ, ಹೂವಿಗೆ.”

“ಕಪ್ಪತಗುಡ್ಡದಿಂದ ಹೊತಗೊಂಡು ಬಂದು ಹೂವಿಗ್ಯಾಕ ಹಚ್ತಾರ್ರೀ? ಹೇಳಾಕ ಮನಸಿಲ್ಲಂದ್ರ ಬ್ಯಾಡ ಬಿಡ್ರಿ.”

ಅವಳ ತರ್ಕ ಸರಿಯಾಗಿತ್ತು. ಕಪ್ಪತಗುಡ್ಡ ಔಷಧದ ಗುಡ್ಡ. ಅಲ್ಲಿಂದ ಬಂದ ಕಸವೂ ಯಾವುದೋ ರೋಗಕ್ಕೆ ಮದ್ದು. ಗಿಡ ಬಂದದ್ದು ಕೊರಿಯರಿನಲ್ಲಿ, ಮಣ್ಣು ಮಾತ್ರ ಗುಡ್ಡದ ಕಡೆಯದು ಎಂದು ಆಗಲೇ ಹೇಳಬೇಕಿತ್ತು. ಹೇಳಿದರೆ ಯಾಕೆ ತರಿಸಿದಿರಿ ಎಂದು ಕೇಳುತ್ತಾಳೆ. ಅಕ್ಕನ ಸಲುವಾಗಿ ಎಂದರೆ ಅಕ್ಕನಿಗೇನಾಗಿದೆ ಎಂದು ಕೇಳುತ್ತಾಳೆ. ನಾನು ಸುಳ್ಳು ಹೇಳಲಿಲ್ಲ, ಪುರವಣಿಯವರಂತೆ ಒಂದು ‘ಬಹುಶಃ’ ತೆಗೆದೆ, ಅಷ್ಟೆ.

ಸಂಜೆ ಶಂಕ್ರಪ್ಪನೇ ಬಂದ. ಎಲೆಯನ್ನು ಮುಟ್ಟಿ, ಮೂಸಿ, ಕಣ್ಣು ಮುಚ್ಚಿ ನಿಂತ.

“ಸಣ್ಣಾಂವ ಇದ್ದಾಗ ಗುಡ್ಡದಾಗ ನೋಡೇನ್ರೀ ಇದನ್ನ. ನಮ್ಮ ಅಜ್ಜನ ಆಡು ತಿಂತಿದ್ದುವು. ಇದನ್ನ ತಿಂದ ಆಡು ಎಂದೂ ಕುಂಟಲಿಲ್ಲ.”

“ಹೂವು ಯಾವ ಬಣ್ಣಾ?” ಎಂದೆ. ಕೇಳಬಾರದಿತ್ತು.

“ಬಿಳೇದು” ಎಂದ. ನನ್ನ ಮುಖ ನೋಡಿದ. “ಅಲ್ಲ, ನೇರಳಿ. ಹೌದ್ರೀ, ನೇರಳಿ.”

ನನ್ನ ಮುಖ ನೋಡಿ ಅವನು ಬಣ್ಣ ಬದಲಿಸಿದ್ದು ನನಗೆ ಸ್ಪಷ್ಟವಾಗಿ ಕಂಡಿತು. ಆದರೂ ಎಂಥ ಸುಖವಾಯಿತು ಎಂದರೆ, ಸಾಕ್ಷಿಯೊಬ್ಬ ಸಿಕ್ಕ ಎಂದು ಅವನಿಗೆ ಚಹಾ ಕುಡಿಸಿ ಕಳಿಸಿದೆ. ಗಿಡದ ಕೊರಿಯರ್ ಡಬ್ಬಿ ಇನ್ನೂ ಮಾಳಿಗೆಯ ಮೇಲಿತ್ತು. ಅದರ ಮೇಲೆ ನನ್ನದೇ ವಿಳಾಸ ಇತ್ತು.

ಗಂಗವ್ವ ಎರಡು ಎಲೆ ಒಯ್ದು, ಔಡಲೆಣ್ಣೆ ಸವರಿ, ಹಂಚಿನ ಮೇಲೆ ಬಿಸಿ ಮಾಡಿ ಮೊಣಕಾಲಿಗೆ ಕಟ್ಟಿಕೊಂಡಳು. ಮೊಣಕಾಲು ನೋವು ಕಡಿಮೆಯಾಯಿತು. ಬಿಸಿ ಔಡಲೆಣ್ಣೆಯನ್ನು ಚಪ್ಪಲಿಯ ಚೂರಿಗೆ ಸವರಿ ಕಟ್ಟಿದ್ದರೂ ಕಡಿಮೆಯಾಗುತ್ತಿತ್ತು ಎಂದು ನಾನು ಹೇಳಿದೆ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಓಣಿಯ ಮೊಣಕಾಲುಗಳೆಲ್ಲ ನಮ್ಮ ಹಿತ್ತಲಿಗೆ ಬಂದವು. ಎಲೆ ಕೀಳಬಾರದು ಎಂದು ರಟ್ಟಿನ ಮೇಲೆ ಬರೆದು ತೂಗುಹಾಕಿದೆ. ಅಲ್ಲಿಯವರೆಗೆ ಅನುಮಾನವಿದ್ದವರಿಗೂ ಆಗ ನಂಬಿಕೆ ಬಂತು. ಕೇಳಿ ಒಯ್ಯಿರಿ ಎಂದರೆ ಗಂಗವ್ವ ತಿದ್ದಿದಳು:

“ಕೇಳಿ ಒಯ್ದ ಎಲಿ ಹತ್ತೂದಿಲ್ರೀ ಸರ. ನಿಮಗ ಗೊತ್ತಾಗಧಂಗ ಒಯ್ಯಬೇಕು. ನೀವು ಆ ಕಡೆ ಮಕಾ ಮಾಡ್ರಿ.”

ಯುಗಾದಿಗೆ ಹೂವಾಗಲಿಲ್ಲ. ಯುಗಾದಿಯ ನಂತರದ ಬಿಸಿಲಿಗೆ ಉಳಿದ ಎಲೆಗಳು ಅಂಚಿನಿಂದ ಸುಟ್ಟು, ಮುದುಡಿ, ಒಂದು ದಿನ ನೆಲ ಬರಿದಾಯಿತು. ಗಿಡ ಮಲಗಿದೆ ಎಂದೆ. ಸತ್ತಿದೆ ಎಂದು ಓಣಿ ಹೇಳಿತು. ಗಂಗವ್ವ ಬಂದು ಸಾವಿನ ಮನೆಯವರನ್ನು ಮಾತಾಡಿಸುವ ದನಿಯಲ್ಲಿ “ಭಾಳ ಉಪಕಾರ ಮಾಡಿ ಹೋತ್ರೀ” ಎಂದಳು. ಸರೋಜಾ ಮಾತ್ರ ಆ ಬರಿ ನೆಲಕ್ಕೆ ಸೊಪ್ಪು ತೊಳೆದ ನೀರು ಸುರಿಯುತ್ತಲೇ ಇದ್ದಳು. ಯಾಕೆ ಎಂದು ಕೇಳಿದರೆ “ಎಲ್ಲೆರೆ ಚೆಲ್ಲಬೇಕಲ್ರೀ” ಎನ್ನುತ್ತಿದ್ದಳು.

ಮೊದಲ ಮಳೆಗಳು ಬಿದ್ದ ಮೇಲೆ ಒಂದು ಬೆಳಗ್ಗೆ ಅಲ್ಲಿ ಹಸಿರು ಕಂಡಿತು. ಸೀಳಿದ ಎಲೆ, ಅದೇ ಅಂಗೈ. ನಾನು ಸರೋಜಾಳನ್ನು ಕೂಗಿದೆ. ಇಬ್ಬರೂ ಬಗ್ಗಿ ನೋಡಿದೆವು. ಸಂತೋಷಪಟ್ಟು ಅರ್ಧ ಗಂಟೆಯಾಗಿರಲಿಕ್ಕಿಲ್ಲ, ಗೋಡೆಯ ಕ್ಯಾಲೆಂಡರ್ ನೋಡಿದೆ. ಅದು ಆಷಾಢ. ಮುಂದೆ ಶ್ರಾವಣ. ನಮ್ಮ ಮಣ್ಣಿನಲ್ಲಿ ಈ ಗಿಡ ಬೇಸಿಗೆಯಲ್ಲಿ ಮಲಗಿ ಮಳೆಗಾಲದಲ್ಲಿ ಏಳುತ್ತದೆ ಎಂದಾಯಿತು. ಅವ್ವನ ಹಿತ್ತಲಲ್ಲಿ ಇದೇ ಗಿಡ ಇದ್ದಿದ್ದರೆ ಪಂಚಮಿಯ ಹೊತ್ತಿಗೆ ಎಲೆ ಬಿಟ್ಟುಕೊಂಡು ಅಕ್ಕನ ಕಾಲಿಗೆ ತೊಡರುತ್ತಿತ್ತು. ಅವಳಿಗೆ ಕಾಣದೆ ಇರಲು ಸಾಧ್ಯವೇ ಇರಲಿಲ್ಲ. ನನ್ನ ಪುರಾವೆ ನೆಲ ಸೀಳಿಕೊಂಡು ಬಂದು ನನ್ನ ವಿರುದ್ಧ ಸಾಕ್ಷಿ ನುಡಿಯುತ್ತಿತ್ತು.

ಅದನ್ನು ಕಿತ್ತುಹಾಕುವ ವಿಚಾರ ಬಂದದ್ದು ನಿಜ. ಬರಲಿಲ್ಲ ಎಂದು ಬರೆದರೆ ಓದಲು ಚೆನ್ನಾಗಿರುತ್ತಿತ್ತು.

ಪಂಚಮಿಗೆ ಎರಡು ದಿನ ಮುಂಚೆ ಲಕ್ಷ್ಮೇಶ್ವರಕ್ಕೆ ಹೋಗಿ ಬಾಗಿಲಲ್ಲಿ ನಿಂತೆ. ಅಕ್ಕ ಕಟ್ಟೆಯ ಮೇಲೆ ಕುಳಿತು ಶೇಂಗಾ ಸುಲಿಯುತ್ತಿದ್ದಳು.

“ಹೂವು ತಂದ್ಯಾ?”

“ಹೂವಾಗಿಲ್ಲಕ್ಕಾ. ಎಲಿ ಅದಾವ.”

“ಹೆಸರು?”

“ಜೆರೇನಿಯಂ.”

“ಏನಂದಿ?”

ಇನ್ನೊಮ್ಮೆ ಹೇಳಿದೆ.

“ಅವ್ವಗ ಈ ಹೆಸರು ಅನ್ನಾಕ ಬರ್ತಿತ್ತೇನಲೇ?”

ಎಲ್ಲವನ್ನೂ ಹೇಳಿಬಿಟ್ಟೆ. ಕೊರಿಯರ್, ಮಣ್ಣಿನ ಚೀಲ, ಪಾದ್ರಿಗಳ ಹೆಂಡಿರು, ಆಷಾಢದಲ್ಲಿ ಎದ್ದ ಎಲೆ. ಅಕ್ಕ ಶೇಂಗಾ ಸುಲಿಯುವುದನ್ನು ಬಿಟ್ಟು ಕೇಳಿದಳು. ಮುಗಿದ ಮೇಲೆ ಸಿಪ್ಪೆ ಕೊಡವಿಕೊಂಡು ಎದ್ದಳು.

“ಒಂದು ಸುಳ್ಳು ಖರೆ ಮಾಡಾಕ ಇಷ್ಟು ತ್ರಾಸ ತಗೊಂಡಾಂವನ್ನ ನಾ ಬ್ಯಾರೆ ನೋಡಿಲ್ಲ. ಸರೋಜಾ ಉಂಡಿ ಕಟ್ಟಿರ್ತಾಳ, ಪಾಪ. ನಡಿ.”

ಬಸ್ಸು ಶಿರಹಟ್ಟಿ ದಾಟಿತು. ಆಮೇಲೆ ಅಕ್ಕ ಕಿಟಕಿಯ ಕಡೆ ನೋಡುತ್ತಲೇ ಹೇಳಿದಳು: “ರಾಡಿ ನೇರಳಿ ಇತ್ತು, ಖರೆ. ಅಪ್ಪ ಬಣ್ಣದ ನೂಲು ಹಿಂಡಿದ ನೀರು ಅಲ್ಲೇ ಚೆಲ್ಲತಿದ್ದ. ಒಂದಿನ ನೇರಳಿ, ಒಂದಿನ ಕೆಂಪ. ನೀ ಸಣ್ಣಾಂವ. ಅದನ್ನೇ ನೋಡಿರಬೇಕು.”

ನನಗೆ ಒಂದು ದಾರಿ ಬಿಟ್ಟುಕೊಡಲು ಅವಳು ಹೇಳಿದ ಮಾತಿದು. ಹೌದು ಎನ್ನಬಹುದಿತ್ತು. ಗಂಜಿ ಹಾಕಿದ ನೂಲಿನ ಹುಳಿ ವಾಸನೆ, ಒದ್ದೆ ಕಲ್ಲು, ನೊರೆಯ ಅಂಚಿನಲ್ಲಿ ಹಿಗ್ಗುವ ನೇರಳೆ ಗುಳ್ಳೆ, ಎಲ್ಲ ಆ ಕ್ಷಣವೇ ಕಣ್ಣಮುಂದೆ ಬಂತು. ಎಷ್ಟು ಚೆನ್ನಾಗಿ ಬಂತೆಂದರೆ ಅದನ್ನೂ ನಾನು ನಂಬಲಿಲ್ಲ. ಹೇಳಿದ ಕೂಡಲೇ ನೆನಪಾಗುವುದು ನಮ್ಮ ಮನೆತನದ ರೋಗ ಮಾತ್ರವಲ್ಲ, ಶಂಕ್ರಪ್ಪನಿಗೂ ಇದೆ.

ಮನೆಗೆ ಬಂದಾಗ ಗಿಡದಲ್ಲಿ ಎರಡೇ ಎಲೆ ಉಳಿದಿದ್ದವು. ನಾನು ಊರಲ್ಲಿ ಇಲ್ಲದ ಹೊತ್ತು ಓಣಿಯವರು ಶಾಸ್ತ್ರೋಕ್ತವಾಗಿ ಒಯ್ದಿದ್ದರು. ಅಕ್ಕ ಗೋಡೆ ಹಿಡಿದು ಕಷ್ಟಪಟ್ಟು ಬಗ್ಗಿದಳು. ಎಲೆ ಮುಟ್ಟಿ ನೋಡಿ “ಇದು ಇರಲಿಲ್ಲ” ಎಂದಳು. ಸಿಟ್ಟಿರಲಿಲ್ಲ. ಕಂಪೌಂಡಿನ ಆಚೆಯಿಂದ ಗಂಗವ್ವನ ದನಿ ಬಂತು.

“ಅಕ್ಕಾರ, ಅದು ಕಪ್ಪತಗುಡ್ಡದ್ರೀ. ಮೊಣಕಾಲಿಗೆ ಭಾರಿ ಐತಿ. ನನ್ನ ನೋಡ್ರಿ, ಸಂತಿಗೆ ನಡಕೋತ ಹೋಗಿ ಬರ್ತೀನಿ.”

ಅಕ್ಕ ನನ್ನ ಮುಖ ನೋಡಿದಳು. ನಾನು ಆಕಾಶ ನೋಡಿದೆ.

“ಸರೋಜಾ, ಮನ್ಯಾಗ ಔಡಲೆಣ್ಣಿ ಐತೇನವಾ?” ಎಂದು ಕೂಗಿ, ಉಳಿದ ಎರಡೂ ಎಲೆಗಳನ್ನು ಚಿವುಟಿಕೊಂಡಳು.

ಹೀಗೆ ಆರು ತಿಂಗಳ ನನ್ನ ಸಂಶೋಧನೆ ಹಂಚಿನ ಮೇಲೆ ಬಿಸಿಯಾಗಿ, ಹಳೆಯ ಸೀರೆಯ ಪಟ್ಟಿಯಲ್ಲಿ ಅಕ್ಕನ ಮೊಣಕಾಲಿಗೆ ಸುತ್ತಿಕೊಂಡಿತು. ಪಟ್ಟಿ ಕಟ್ಟಿ ಸರೋಜಾ ಒಳಗೆ ಹೋದಳು. ನಾವಿಬ್ಬರು ಹಿತ್ತಲ ಮೆಟ್ಟಿಲ ಮೇಲೆ ಕುಳಿತಿದ್ದೆವು.

“ತಮ್ಮಾ, ಒಂದು ಕೇಳ್ತೀನಿ. ಕತಿ ಕಟ್ಟಬ್ಯಾಡ.”

“ಕೇಳು.”

“ಹೂವಿಂದು ಬಿಡು. ಅವ್ವ ಹಾಡತಿದ್ಲು ಅಂತ ಬರದೀಯಲ್ಲ. ಖರೇನ ಹಾಡತಿದ್ಲೇನು?”

ನಾನು ತಯಾರಿ ಮಾಡಿಕೊಂಡದ್ದು ಹೂವಿನ ಬಗ್ಗೆ.

“ನಾ ಪಂಚಮಿಗೆ ಬಂದಾಗ ಅಕಿ ನನ್ನ ಮುಂದ ಕುಂತು ಅಳತಿದ್ಲು. ಎಂಟೂ ದಿನಾ. ಮಗ್ಗದ್ದು, ಅಪ್ಪಂದು, ಬೆನ್ನು ನೋವಿಂದು. ಹೊಳ್ಳಿ ಹೋಗೋ ಮುಂದ ನಾ ಅದನ್ನೆಲ್ಲಾ ಹೊತಗೊಂಡು ಬಸ್ ಹತ್ತತಿದ್ನಿ. ಉಳಿದ ಹನ್ನೊಂದು ತಿಂಗಳೂ ಅಕಿ ಹಂಗೇ ಅಳಕೋತ ಕಂಡಿಕಿ ಸುತ್ತತಿರ್ತಾಳ ಅಂತ ತಿಳಕೊಂಡು ಅಲ್ಲಿ ಬಾಳೇವು ಮಾಡೀನಿ. ಮಕ್ಕಳಿಗೆ ಉಣಸೋ ಮುಂದೂ ಅದೇ ತಲ್ಯಾಗ. ಈಗ ನೀ ಬರೀತಿ, ಸಂಜೀಕ ಕುಂತು ಹಾಡತಿದ್ಲು ಅಂತ. ನಾ ಹೋದ ಮ್ಯಾಲ ಹಾಡತಿದ್ಲೇನು?”

ಹೌದು ಎಂದರೆ ಅಕ್ಕ ಅಷ್ಟು ವರ್ಷ ಹೊತ್ತದ್ದು ಸುಮ್ಮನೆ ಹೊತ್ತದ್ದಾಗುತ್ತದೆ. ಇಲ್ಲ ಎಂದರೆ ಅವ್ವ ಕೊನೆಯವರೆಗೂ ಅಳುತ್ತಲೇ ಇದ್ದಳು ಎಂದಾಗುತ್ತದೆ. ಎರಡರಲ್ಲಿ ಅವಳಿಗೆ ಯಾವುದು ಬೇಕು ಎಂದು ತಿಳಿಯಲು ನಾನು ಅವಳ ಮುಖ ನೋಡಿದೆ. ಬೇಕಾದವರಿಗೆ ಬೇಕಾದ ಬಣ್ಣ ಹೇಳುವುದು ನನಗೆ ಕಷ್ಟದ ಕೆಲಸವಲ್ಲ. ಅವಳ ಮುಖದಲ್ಲಿ ಯಾವ ಸೂಚನೆಯೂ ಇರಲಿಲ್ಲ.

“ಗೊತ್ತಿಲ್ಲಕ್ಕಾ” ಎಂದೆ.

“ನೀ ಅದೇ ಮನ್ಯಾಗ ಇದ್ದಿ.”

“ಇದ್ದೆ.”

“ಹಂಗಾರ ಏನ ನೋಡತಿದ್ದಿ?”

“ಆಡಾಕ ಹೋಗತಿದ್ದೆ. ಹಸಿವಾದ್ರ ಬರತಿದ್ದೆ.”

ಇಲ್ಲಿ ಅಕ್ಕ ನಕ್ಕಳು ಎಂದು ಬರೆಯಲು ಕೈ ತುರಿಸುತ್ತಿದೆ. ಒಂದು ಸದ್ದು ಬಂದದ್ದು ನಿಜ. ನಗೆಯೋ ಕೆಮ್ಮೋ ನೋಡಲಿಲ್ಲ, ನಾನು ನೆಲ ನೋಡುತ್ತಿದ್ದೆ.

“ಪೇಪರಿನವರಿಗೆ ಹಿಂಗೇ ಬರದು ಕೊಡು. ಗೊತ್ತಿಲ್ಲಂತ” ಎಂದು ಹೇಳಿ, ನನ್ನ ಹೆಗಲಿಗೆ ಕೈಯೂರಿ ಎದ್ದು, ಉಂಡಿಗೆ ಬೆಲ್ಲ ಹೆಚ್ಚಾಗಿದೆಯೋ ಕಡಿಮೆಯೋ ನೋಡಲು ಒಳಗೆ ಹೋದಳು.

ಬರೆದು ಕೊಡುತ್ತಿದ್ದೇನೆ. ಕಲ್ಲಿನ ಪಕ್ಕ ಹೂವಿತ್ತೋ ಇಲ್ಲವೋ ನನಗೆ ಗೊತ್ತಿಲ್ಲ. ಅವ್ವ ಹಾಡುತ್ತಿದ್ದಳೋ, ಹಾಡಿದ್ದು ಪಕ್ಕದ ಮನೆಯವರೋ, ಯಾರೂ ಹಾಡಲೇ ಇಲ್ಲವೋ ಗೊತ್ತಿಲ್ಲ. ಅಕ್ಕ ವರ್ಷಕ್ಕೆ ಎಂಟು ದಿನ ಬಂದು ಅವ್ವನನ್ನು ನೋಡಿದಳು. ಉಳಿದ ದಿನಗಳೆಲ್ಲ ನಾನು ಅವ್ವನ ಜತೆಯಲ್ಲೇ ಇದ್ದೆ. ಆ ದಿನಗಳಲ್ಲಿ ಅವಳು ಹೇಗಿದ್ದಳು ಎಂಬುದು ನನಗೆ ಗೊತ್ತಿಲ್ಲ.